ಹರಕೆಯ ಹೋಳಿಗೆ, ಸೊಸೆಯ ತೂಕ

ಬೆಂದ ಕಡಲೆಬೇಳೆಯ ಕಟ್ಟು ಬಸಿಯುತ್ತಿದ್ದೆ, ಆಗ ಸೊಸೆ ಶ್ವೇತಾಳ ಫೋನು ಬಂತು. ಎರಡೂ ಕೈ ಬಿಸಿ ಪಾತ್ರೆಯ ಮೇಲೆ. ಫೋನನ್ನು ಹೇಗೋ ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡೆ. ಮಗುವಾಗುವ ಔಷಧಿಯನ್ನು ಇಲ್ಲೇ ಮುಂಬಯಿಯ ಮಲಾಡಿನ ಡಾಕ್ಟರಮ್ಮ ಈಗಲೇ ಶುರು ಮಾಡುವುದಿಲ್ಲವಂತೆ. ಮೊದಲು ಸ್ವಲ್ಪ ತೂಕ ಇಳಿಸಿಕೊಂಡು ಬಾ ಎಂದರಂತೆ. "ಮತ್ತ ಮುಂದಕ್ಕ ಹೋತ್ರಿ, ಅತ್ತಿ," ಎಂದಳು. ಅಳುತ್ತಿದ್ದಳೋ, ಸ್ಟೇಷನ್ನಿನ ಗದ್ದಲವೋ, ತಿಳಿಯಲಿಲ್ಲ.

ಫೋನಿಟ್ಟು ಬೇಳೆಯ ಕಡೆ ನೋಡಿದೆ. ಬೇಳೆ ಹೋಳಿಗೆಯ ಹೂರಣಕ್ಕೆ, ಹೋಳಿಗೆ ನಮ್ಮ ಮನೆದೇವರು ಬನಶಂಕರಿಗೆ. ಸೊಸೆಯ ಮಡಿಲು ತುಂಬುವವರೆಗೆ ಪ್ರತಿ ಶುಕ್ರವಾರ ಹೋಳಿಗೆ ನೈವೇದ್ಯ ಮಾಡಿ, ಪ್ರಸಾದವನ್ನು ತುಪ್ಪ ಹಾಕಿ ಮೊದಲು ಅವಳಿಗೇ ತಿನ್ನಿಸುತ್ತೇನೆ ಎಂದು ನಾನು ಹರಕೆ ಹೊತ್ತಿದ್ದೇನೆ. ಮಗುವಿಗಾಗಿ ಹೋಳಿಗೆ, ಹೋಳಿಗೆಯಿಂದ ತೂಕ, ತೂಕದಿಂದ ಮಗುವಿಗೇ ತಡೆ. ನಾನು ಯಾರ ಕಡೆಯವಳು ಎಂಬುದೇ ನನಗೆ ಗೊತ್ತಾಗದಂತಾಯಿತು.

ಅವಳಿಗಿರುವುದು ಪಿಸಿಓಎಸ್. ಅಂಡಗಳು ಹೊತ್ತಿಗೆ ಸರಿಯಾಗಿ ಬಲಿಯುವುದಿಲ್ಲ, ಮುಟ್ಟು ತನಗೆ ತೋಚಿದಾಗ ಬರುತ್ತದೆ. ಅದರಿಂದ ಮೈ ಬರುತ್ತದೋ, ಮೈ ಬಂದದ್ದರಿಂದ ಅದು ಹೆಚ್ಚುತ್ತದೋ ಎಂದು ಹಿಂದೊಮ್ಮೆ ಕೇಳಿದ್ದೆ. ಡಾಕ್ಟರಮ್ಮ ಎರಡಕ್ಕೂ ಹೌದು ಎಂದರು. ನಮ್ಮ ಬಿಲ್ಡಿಂಗಿನ ಪಂಪೂ ಹಾಗೇ. ನೀರಿಲ್ಲದೆ ಪಂಪು ಎಳೆಯುವುದಿಲ್ಲ, ಪಂಪು ಎಳೆಯದೆ ನೀರು ಬರುವುದಿಲ್ಲ. ವಾಚ್‌ಮನ್ ಮೇಲಿನಿಂದ ಒಂದು ತಂಬಿಗೆ ನೀರು ಹೊಯ್ದರೆ ಮಾತ್ರ ದಾರಿಗೆ ಬರುತ್ತದೆ. ಸ್ವಲ್ಪ ತೂಕ ಇಳಿಸುವುದೂ ಆ ತಂಬಿಗೆ ನೀರಿನಂತೆ ಇರಬಹುದು ಎಂದುಕೊಂಡೆ. ಅಷ್ಟರಲ್ಲಿ ನೆನಪಾಯಿತು: ಫೋರ್ಟ್ ಏರಿಯಾದಲ್ಲಿ ಕೆಲಸ ಮಾಡುವ ನನ್ನ ಮಗ ಅಲ್ಲಿಯ ಇನ್ನೊಬ್ಬ ಡಾಕ್ಟರನ್ನು ಕೇಳಿದಾಗ, ತೂಕಕ್ಕಾಗಿ ಬಹಳ ಕಾಯಬೇಡಿ, ವಯಸ್ಸೂ ನಿಲ್ಲುವುದಿಲ್ಲ ಎಂದಿದ್ದರಂತೆ. ಇಬ್ಬರೂ ಓದಿದವರು. ಯಾರಿಗೆ ಹೂಂ ಅನ್ನಲಿ?

ಇನ್ನು ನನ್ನನ್ನೇ ನೋಡಿ. ಲೋಕಲ್ ರೈಲಿನಲ್ಲಿ ಮೂವರ ಬೆಂಚಿನ ತುದಿಗೆ ನಾಲ್ಕನೆಯವಳಾಗಿ ಕೂರಲು ಯಾರಾದರೂ ಆಸೆಯಿಂದ ಬರುತ್ತಾರೆ. ಅಲ್ಲಿ ನಾನಿರುವುದನ್ನು ಕಂಡು ಮುಂದಿನ ಬೆಂಚಿಗೆ ಹೋಗುತ್ತಾರೆ. ಇದೇ ಮೈಯಲ್ಲಿ ಇಬ್ಬರನ್ನು ಹೆತ್ತೆ. ಮಗನಿಗೆ ಹೆಣ್ಣು ನೋಡಲು ಜೋಗೇಶ್ವರಿಗೆ ಹೋದಾಗ, ಹುಡುಗಿ ಮೈಕೈ ತುಂಬಿಕೊಂಡು ಲಕ್ಷ್ಮಿಯ ಹಾಗಿದ್ದಾಳೆ ಎಂದು ಎಲ್ಲರಿಗಿಂತ ಮೊದಲು ಒಪ್ಪಿದವಳೂ ನಾನೇ. ಈಗ ಅದೇ ಮೈ ಬೇಡ ಎಂದರೆ ಆ ಹುಡುಗಿ ಏನೆಂದು ತಿಳಿಯಬೇಕು?

ಶ್ವೇತಾ ಬಂದವಳೇ ಅಡುಗೆಮನೆಯ ಬಾಗಿಲಲ್ಲಿ ನಿಂತು ನಾದಿಟ್ಟ ಕಣಕ ನೋಡಿದಳು. ತಿನ್ನದಿದ್ದರೆ ಹರಕೆ ತಪ್ಪುತ್ತದೆ, ತಿಂದರೆ ಔಷಧಿ ತಪ್ಪುತ್ತದೆ, ಏನು ಮಾಡೋಣ ಎಂದು ನಾನೇ ಕೇಳಿದೆ.

"ಸಿಟ್ಟಾಗಬ್ಯಾಡ್ರಿ ಅತ್ತಿ. ಬೇಡ್ಕೊಂಡಾಕಿ ನೀವು, ತಿನ್ನಾಕಿ ನಾನು. ಪ್ರಸಾದಕ್ಕ ಬ್ಯಾಡ ಅನ್ನೂದು ಹ್ಯಾಂಗ್ರಿ? ಡರ್ ಲಗ್ತಾ ಹೈ."

ಮುಂಬಯಿಯಲ್ಲೇ ಬೆಳೆದವಳು, ಮನಸ್ಸು ಕಲಕಿದಾಗ ಅವಳ ಕನ್ನಡ ಹಿಂದಿಗೆ ಹೊರಳುತ್ತದೆ. ಇಷ್ಟು ಶುಕ್ರವಾರ ಅವಳು ತಿಂದದ್ದು ರುಚಿಗಲ್ಲ, ಹೆದರಿಕೆಗೆ. ನಾನೋ, ಹುಡುಗಿಗೆ ಸೇರುತ್ತದೆ ಎಂದು ಇನ್ನೊಂದು ಬಡಿಸುತ್ತಿದ್ದೆ.

ದೇವಿಯ ಮುಂದೆ ಹೋಗಿ ನಿಂತೆ. ನೈವೇದ್ಯದ ಹೋಳಿಗೆಯನ್ನು ದೇವಿ ಒಂದು ಚೂರೂ ಮುರಿದದ್ದಿಲ್ಲ. ಆದರೂ ಅವಳಿಗೆ ಮುಟ್ಟಿತು ಎಂದೇ ನಾನು ನಂಬುತ್ತೇನೆ. ಹಾಗಿದ್ದರೆ ಸೊಸೆ ಉಗುರಿನಷ್ಟು ಮುರಿದು ಬಾಯಿಗೆ ಹಾಕಿಕೊಂಡರೆ ಹರಕೆ ಸಲ್ಲುವುದಿಲ್ಲವೇ? ಬಲಕ್ಕೆ ಹೂವು ಬಿದ್ದೀತೇನೋ ಎಂದು ಕಾದೆ. ಬೀಳಲಿಲ್ಲ. ಎಡಕ್ಕೂ ಬೀಳಲಿಲ್ಲವಲ್ಲ, ಅದೇ ಒಂದು ಕೃಪೆ.

ಉಗುರಿನಷ್ಟು ನೀನು ತಿನ್ನು, ಉಳಿದದ್ದನ್ನು ನಾನು ತಿನ್ನುತ್ತೇನೆ ಎಂದೆ. ಶ್ವೇತಾ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಬೆಳಗಿನಿಂದ ಮೊದಲ ಸಲ ನಕ್ಕಳು. ಯಾವ ಡಾಕ್ಟರ ಮಾತು ಸರಿ ಎಂಬುದು ನನಗೆ ಈಗಲೂ ತಿಳಿದಿಲ್ಲ. ಅದನ್ನು ಗಂಡಹೆಂಡತಿ ಕೂತು ಮಾತಾಡಿಕೊಳ್ಳಲಿ. ನನಗೆ ತಿಳಿದದ್ದು ಇಷ್ಟೇ: ಬೆಲ್ಲ ಬೀಳುವ ಮೊದಲೇ ಬಸಿದಿಟ್ಟ ಕಟ್ಟು ಪಾತ್ರೆಯಲ್ಲಿತ್ತು. ಅದರ ಸಾರನ್ನು ಅವಳು ತಾನಾಗಿಯೇ ಕೇಳಿ ಹಾಕಿಸಿಕೊಳ್ಳುತ್ತಾಳೆ.

ಒಗ್ಗರಣೆಗೆ ಸಾಸಿವೆ ಹಾಕಿದೆ.