ಹೊಸಿಲ ಕೆಳಗಿನ ನಾಣ್ಯ

ತಾಮ್ರದ ನಾಣ್ಯದ ಅಂಚಿನಲ್ಲಿ ಗರಗಸದ ಹಲ್ಲಿನ ಗುರುತು, ಅದರ ಸಂದಿಯಲ್ಲಿ ಚೂರು ಅರಿಶಿನ. ಮೊನ್ನೆ ಪಕ್ಕದ ಮನೆಯ ದೊಡ್ಡಮ್ಮ ದೇವರ ಗೂಡಿನಿಂದ ತೆಗೆದು ತಂದು ನನ್ನ ಅಂಗೈಗೆ ಹಾಕಿದರು. ಏನೆಂದು ಕೇಳಬೇಕಾಗಿರಲಿಲ್ಲ.

ಅವರ ಗಂಡ ಅರಸೀಕೆರೆಯಲ್ಲಿ ರೈಲ್ವೆ ಕೆಲಸದಿಂದ ನಿವೃತ್ತರಾದವರು. ರಕ್ತಸಂಬಂಧವೇನಿಲ್ಲ, ಆದರೂ ನನಗೆ ದೊಡ್ಡಪ್ಪ. ಅವರ ಬಳಿ ಬ್ಯಾಟರಿ ಗರಗಸವೊಂದಿತ್ತು, ಉದ್ದ ಅಲಗು ಹಿಂದಕ್ಕೂ ಮುಂದಕ್ಕೂ ಓಡುವಂಥದ್ದು. ಬೀದಿಯಲ್ಲಿ ಯಾರ ಹಳೆ ಕಿಟಕಿ ಕೀಳುವುದಿದ್ದರೂ ಅವರೇ. ಹಲಗೆಯ ಇನ್ನೊಂದು ತುದಿ ಹಿಡಿಯಲು ನನ್ನನ್ನು ಕರೆಯುತ್ತಿದ್ದರು, ಹಿಡಿಯುತ್ತಲೇ ಕಲಿತೆ. ಗರಗಸದ ಮೂತಿಯ ತಗಡು ಮರಕ್ಕೆ ಒತ್ತಿಕೊಂಡೇ ಇರಬೇಕು, ಇಲ್ಲದಿದ್ದರೆ ಕೈಯಲ್ಲಿ ಕುಣಿಯುತ್ತದೆ. ಅಲಗು ಬದಲಿಸುವ ಮುನ್ನ ಬ್ಯಾಟರಿ ಹೊರಗೆ. ಕನ್ನಡಕ, ದಪ್ಪ ಶೂ ಇಲ್ಲದೆ ಅವರು ಅದನ್ನು ಮುಟ್ಟಿದ್ದನ್ನು ನಾನು ನೋಡಿರಲಿಲ್ಲ…

ಆ ದಿನದವರೆಗೆ. ಅವರದೇ ಮನೆಯ ಹೊಸಿಲಿಗೆ ಗೆದ್ದಲು ಹಿಡಿದಿತ್ತು. ನಡುವೆ ಕೊಯ್ದು ಎರಡು ತುಂಡಾಗಿ ತೆಗೆಯಬೇಕಿತ್ತು. ದೊಡ್ಡಪ್ಪ ಅದರ ಮೇಲೆ ಕಾಲೂರಿದ್ದೇ ತಡ, ದೊಡ್ಡಮ್ಮ ಒಳಗಿಂದ ಬಂದರು.

“ರೀ, ಕಾಲಲ್ಲಿರೋ ಮೆಟ್ಟು ಬಿಡ್ರೀ! ಹೊಸಿಲು ಅಂದ್ರೆ ಲಕ್ಷ್ಮಿ ಕಣ್ರೀ.”

“ನಿನ್ ಲಕ್ಷ್ಮಿ ಗೆದ್ದಲು ಹತ್ತಿಸ್ಕೊಂಡು ಕೂತವ್ಳೆ ಕಣೇ,” ಎಂದು ದೊಡ್ಡಪ್ಪ ನಕ್ಕರು. ಆದರೂ ಶೂ ಬಿಚ್ಚಿ ಪಕ್ಕಕ್ಕಿಟ್ಟರು.

ಬಾಗಿಲು ನಿಲ್ಲಿಸುವ ದಿನ ಹೊಸಿಲ ಕೆಳಗೆ ನಾಣ್ಯ, ನವಧಾನ್ಯ ಇಡುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನಮ್ಮ ಮೂವರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಹೊಸಿಲು ಅರ್ಧ ಕೊಯ್ದಾಗ ಅಡಿಗೆ ಹೊಕ್ಕ ಅಲಗಿನ ತುದಿ ಠಣ್ ಎಂದಿತು. ನಾಣ್ಯವೊಂದು ಸಿಡಿದು ಹೊರಬಿತ್ತು. ಗರಗಸ ಎಗರಿ, ಓಡುತ್ತಿದ್ದ ಅಲಗು ಅವರ ಬರಿಗಾಲಿನ ಮೇಲೆ ಬಿತ್ತು.

ಅವರು ಮೊದಲು ಬ್ಯಾಟರಿ ತೆಗೆದು ನನ್ನ ಕೈಗೆ ಕೊಟ್ಟರು. “ಹಿಡ್ಕೋ ಮಗಳೇ. ಅಲಗು ಬಿಸಿ ಐತೆ, ಮುಟ್ಬೇಡ,” ಎಂದರು. ಆಮೇಲೆ ತಮ್ಮ ಕಾಲು ನೋಡಿಕೊಂಡರು. ರಂಗೋಲಿಯ ಬಿಳಿ ಎಳೆ ಕೆಂಪಗೆ ನೆನೆಯುತ್ತಿತ್ತು. ನಾನು ಬ್ಯಾಟರಿ ಹಿಡಿದು ನಿಂತೇ ಇದ್ದೆ. ಆಟೋ ಯಾರು ಕರೆದರೋ…

ಸಕ್ಕರೆ ಕಾಯಿಲೆಯ ಕಾಲು; ಗಾಯ ಮಾಯಲಿಲ್ಲ. ಮೊದಲು ಬೆರಳು ತೆಗೆದರು, ಆಮೇಲೆ ಪಾದ. ಕೊನೆಗೆ ಅವರೇ ಹೋದರು. ಶೂ ಬಿಚ್ಚಿಟ್ಟಿದ್ದಕ್ಕೆ ಒಬ್ಬ ಮನುಷ್ಯ ಹೋಗಿಬಿಡುವುದೆಂದರೆ ನನಗೆ ಈಗಲೂ ನಂಬಲಾಗುವುದಿಲ್ಲ. ದೊಡ್ಡಮ್ಮ ಆ ದಿನದ ಮಾತೆತ್ತಿದ್ದೇ ಇಲ್ಲ. ಅರ್ಧ ಕೊಯ್ದ ಹೊಸಿಲನ್ನು ದಾಟಿಕೊಂಡೇ ಓಡಾಡುತ್ತಿದ್ದರು.

ಮೊನ್ನೆ ನಾಣ್ಯ ಕೊಟ್ಟು ಇಷ್ಟೇ ಕೇಳಿದರು: “ಆ ಹೊಸಿಲ್ನ ನೀನೇ ಕೊಯ್ದು ಮುಗಿಸ್ತೀಯೇನೇ? ಬೇರೆಯವ್ರು ಬ್ಯಾಡ.”

ಮರುದಿನ ಬೆಳಿಗ್ಗೆ ಹೋದೆ. ಗರಗಸ ಜಗಲಿಯ ಮೇಲೆ ಕಾಯುತ್ತಿತ್ತು. ಹೊಸಿಲ ಮುಂದೆ ಎಂದಿನಂತೆ ಚಪ್ಪಲಿ ಬಿಟ್ಟೆ. ದೊಡ್ಡಮ್ಮ ದೊಡ್ಡಪ್ಪನ ಶೂಗಳನ್ನು ಸೆರಗಿನಲ್ಲಿ ಒರೆಸುತ್ತಾ ಬಂದು ನನ್ನ ಕಾಲ ಬಳಿ ಇಟ್ಟರು.

“ನಿಂಗೆ ದೊಡ್ಡವಾಗ್ತವೆ. ತುದಿಗೆ ಬಟ್ಟೆ ತುರುಕಿದೀನಿ, ಹಾಕ್ಕೊಳೇ.”

ಹಾಕಿಕೊಂಡೆ. ಹೊಸಿಲ ಮೇಲೆ ಕಾಲೂರಿದೆ.