ಗೋಲು ಕಂಬ ಹೊತ್ತವನ ಚಿತ್ರ

ಜೋಸ್ನಾ ನನ್ನ ಚಿತ್ರವನ್ನೂ ಬರೆದಿದ್ದಾಳೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅವಳ ಬಗ್ಗೆ ನಾನು ಹೇಳುವುದೆಲ್ಲ ದಾಕ್ಷಿಣ್ಯದ ಮಾತು ಎಂದು ಯಾರಾದರೂ ತಿಳಿದುಕೊಂಡಾರು. ಆ ಚಿತ್ರದಲ್ಲಿ ನಾನು ಫುಟ್ಬಾಲ್ ರೆಫ್ರಿ. ಕುತ್ತಿಗೆಯಲ್ಲಿ ತೆಂಗಿನಕಾಯಿಯಷ್ಟು ದೊಡ್ಡ ವಿಸಿಲ್. ಮೈದಾನದಲ್ಲಿ ಒಬ್ಬ ಇನ್ನೊಬ್ಬನ ಚಡ್ಡಿ ಹಿಡಿದು ಎಳೆಯುತ್ತಿದ್ದಾನೆ. ನಾನು ಊದುವ ಹಾಗಿಲ್ಲ, ಯಾಕೆಂದರೆ ಬಾಯಿ ತುಂಬ ವೇದಿಕೆಯ ಮೇಲೆ ಕುಳಿತವರು ಕೊಟ್ಟ ಲಾಡು.

ಆ ಚಿತ್ರ ಕಡಬ ಪೇಟೆಯಲ್ಲಿ ಅವಳು ಕೆಲಸ ಮಾಡುವ ಅಂಗಡಿಯ ಎದುರು ಮೂರು ದಿನ ಇತ್ತು. ನಾನು ನಾಲ್ಕು ದಿನ ಆ ದಾರಿಯಲ್ಲಿ ಹೋಗಲಿಲ್ಲ. ಐದನೆಯ ದಿನ ಹೋಗಿ ಕೇಳಿದೆ, "ಎಂತ ಮಾರಾಯ್ತಿ, ನಾನು ನಿನಗೆ ಎಂತ ಮಾಡಿದ್ದೇನೆ?"

"ಎಂತದೂ ಮಾಡ್ಲಿಲ್ಲ ಮಾಷ್ಟ್ರೇ. ಅದಕ್ಕೇ ಬರೆದದ್ದು" ಎಂದಳು.

ನಾನು ತೀರ್ಥರಾಮ, ಮೂಲದಲ್ಲಿ ಮರ್ಕಂಜದವ. ಕಡಬದಿಂದ ನೆಲ್ಯಾಡಿ ಕಡೆಗೆ ಹೋಗುವಾಗ ಸಿಗುವ ಕೊಪ್ಪರಡ್ಕದ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಪಿ.ಟಿ. ಮಾಷ್ಟ್ರಾಗಿದ್ದೆ. ಜೋಸ್ನಾ ನನ್ನ ಶಿಷ್ಯೆ. ಹುಡುಗಿಯರಿಗೆ ಆಗ ನಾನು ತ್ರೋಬಾಲ್ ಮಾತ್ರ ಕೊಡುತ್ತಿದ್ದೆ. ಅವಳು ಚೆಂಡನ್ನು ಕೈಯಲ್ಲಿ ಹಿಡಿಯದೆ ಕಾಲಲ್ಲಿ ಒದ್ದು ಎರಡು ಸಲ ಬಿಸಿಲಲ್ಲಿ ನಿಂತದ್ದುಂಟು. ಎಸ್ಸೆಸ್ಸೆಲ್ಸಿ ಆದ ಮೇಲೆ ಕಂಪ್ಯೂಟರ್ ಕಲಿತು ಕಡಬದಲ್ಲಿ ಅಲಿ ಕುಂಞಿಯವರ ಫ್ಲೆಕ್ಸ್ ಅಂಗಡಿಗೆ ಸೇರಿದಳು. ಡಿಸೈನ್ ಕಡಬದಲ್ಲಿ, ಪ್ರಿಂಟು ಪುತ್ತೂರಿನಲ್ಲಿ. ಸುರುಳಿ ಸುತ್ತಿದ ಫ್ಲೆಕ್ಸು ಸಂಜೆಯ ಬಸ್ಸಿನಲ್ಲಿ ಬರುತ್ತಿತ್ತು. ಮದುವೆಯಾದದ್ದು ಶಿಜುವನ್ನು. ಅವನು ರಬ್ಬರ್ ಮರದ ಹಾಲು ತೆಗೆಯುವ ಟ್ಯಾಪಿಂಗ್ ಮಾಡುವವ, ಕೊಪ್ಪರಡ್ಕ ಟೀಮಿನಲ್ಲಿ ಗೋಲು ಕಾಯುವ ಗೋಲಿ, ಆರಡಿ ಎತ್ತರ.

ಹದಿನೈದು ವರ್ಷ ಅವಳು ಬೇರೆಯವರ ಮುಖಗಳನ್ನು ಕತ್ತರಿಸಿ ಅಂಟಿಸಿದಳು. ದೇವಸ್ಥಾನದ ಬ್ರಹ್ಮಕಲಶ, ಇಗರ್ಜಿಯ ಪೆರ್ನಾಳು, ದರ್ಗಾದ ಉರೂಸು, ಹುಟ್ಟುಹಬ್ಬ, ಶ್ರದ್ಧಾಂಜಲಿ, ಎಲ್ಲದರಲ್ಲೂ ಕೈ ಮುಗಿದ ಅವೇ ಮುಖಗಳು. ಕತ್ತರಿಸಿ ಕತ್ತರಿಸಿ ಯಾರ ಮೂಗು ಹೇಗೆ, ಯಾರ ಗಲ್ಲ ಎಷ್ಟು ಇಳಿದಿದೆ ಎಂಬುದು ಅವಳ ಕೈಗೆ ಬಾಯಿಪಾಠವಾಯಿತು.

ಎರಡು ಸಾವಿರದ ಇಪ್ಪತ್ತೆರಡರ ವಿಶ್ವಕಪ್ಪಿನಲ್ಲಿ ಅರ್ಜೆಂಟೀನಾದ ಫ್ಲೆಕ್ಸು, ಬ್ರೆಜಿಲ್‌ನ ಫ್ಲೆಕ್ಸು ಎಂದು ಊರೆಲ್ಲ ಪೈಪೋಟಿ ಎದ್ದಾಗ ಅವಳಿಗೆ ಏನನ್ನಿಸಿತೋ, ಒಂದು ಪ್ಲೈವುಡ್ ಹಲಗೆಗೆ ಕಪ್ಪು ಬಣ್ಣ ಬಳಿದು ಅಂಗಡಿಯ ಹೊರಗೆ ನಿಲ್ಲಿಸಿದಳು. ದಿನಕ್ಕೊಂದು ಸೀಮೆಸುಣ್ಣದ ಚಿತ್ರ. ಅರ್ಜೆಂಟೀನಾ ಸೌದಿಗೆ ಸೋತ ದಿನ ಲುಂಗಿ ಎತ್ತಿ ಕಟ್ಟಿದ ಅಭಿಮಾನಿಯೊಬ್ಬ ಫ್ಲೆಕ್ಸು ಬಿಚ್ಚುತ್ತಿದ್ದಾನೆ, ಹೆಂಡತಿ ಹೇಳುತ್ತಿದ್ದಾಳೆ: "ಒಳ್ಳೇದಾಯ್ತು, ಕಟ್ಟಿಗೆಗೆ ಮುಚ್ಚಲಿಕ್ಕೆ ಎಂತದೂ ಇರ್ಲಿಲ್ಲ." ಜನ ನಕ್ಕರು. ಆದರೆ ಅವಳು ಅಲ್ಲಿಗೇ ನಿಲ್ಲಲಿಲ್ಲ. ಎರಡು ದಿನ ಬಿಟ್ಟು ಇನ್ನೊಂದು ಬಂತು. ಗ್ರಾಮಸಭೆ. ಮುದುಕಿಯೊಬ್ಬಳು ಕೈ ಎತ್ತಿ ನಿಂತಿದ್ದಾಳೆ. ವೇದಿಕೆಯಲ್ಲಿದ್ದ ಎಲ್ಲ ಪಕ್ಷದವರೂ ಮೊಣಕಾಲು ಹಿಡಿದು, ಪೆಟ್ಟು ಬಿದ್ದ ನಾಟಕ ಮಾಡುವ ಫುಟ್ಬಾಲಿಗರ ಹಾಗೆ ಉರುಳಾಡುತ್ತಿದ್ದಾರೆ. ಮುದುಕಿ ಹೇಳುತ್ತಾಳೆ: "ನಾನು ಮುಟ್ಟಲಿಲ್ಲ. ನೀರು ಯಾವಾಗ ಬರ್ತದೆ ಅಂತ ಮಾತ್ರ ಕೇಳಿದ್ದು."

ಅದು ಒಂದೇ ದಿನದಲ್ಲಿ ಸುಳ್ಯ, ಪುತ್ತೂರು, ಗುಂಡ್ಯದವರೆಗೆ ಎಲ್ಲರ ಮೊಬೈಲಿನಲ್ಲೂ ಹರಿದಾಡಿತು. ಪುತ್ತೂರಿನ ಒಂದು ವಾರಪತ್ರಿಕೆಯವರು ಕೇಳಿ ಪ್ರಕಟಿಸಿದರು. ವಿಶ್ವಕಪ್ ಮುಗಿದರೂ ಹಲಗೆ ಒಳಗೆ ಹೋಗಲಿಲ್ಲ.

ಇನ್ನು ಜಯಪ್ರಕಾಶನ ವಿಷಯ. ಅವನೂ ನನ್ನ ಶಿಷ್ಯನೇ. ಆಗ ಪಂಚಾಯತ್ ಸದಸ್ಯ, ಕೊಪ್ಪರಡ್ಕ ಕ್ರೀಡಾ ಸಂಘದ ಅಧ್ಯಕ್ಷ. ಕೆಟ್ಟವನು ಎಂದರೆ ತಪ್ಪಾಗುತ್ತದೆ. ಸಾವಿನ ಮನೆಗೆ ಮೊದಲು ಬರುವವನು ಅವನು, ಆಸ್ಪತ್ರೆಗೆ ತನ್ನ ಜೀಪು ಕಳಿಸುವವನು ಅವನು. ಆದರೆ ಖಾಲಿ ಜಾಗ ಕಂಡರೆ ಅವನಿಗೆ ತಡೆಯುವುದಿಲ್ಲ. ನಮ್ಮ ಮೈದಾನದಲ್ಲಿ ಮೊದಲು ಒಂದು ವೇದಿಕೆ ಕಟ್ಟಿಸಿದ. ಅದಕ್ಕಾಗಿ ಒಂದು ಬದಿಯ ಗೋಲು ಕಂಬವನ್ನು ಒಳಗೆ ಸರಿಸಬೇಕಾಯಿತು. ಆಮೇಲೆ ಅತಿಥಿಗಳ ವಾಹನ ನಿಲ್ಲಿಸಲಿಕ್ಕೆ ಶೀಟಿನ ಮಾಡು. ಕಂಬ ಮತ್ತೆ ಸರಿಯಿತು. ಇಪ್ಪತ್ತಮೂರರ ಜನವರಿಯಲ್ಲಿ 'ಕ್ರೀಡಾ ಭವನ'ಕ್ಕೆ ಶಿಲಾನ್ಯಾಸ. ಕೆಳಗೆ ನಾಲ್ಕು ಅಂಗಡಿ ಕೋಣೆ, ಮೇಲೆ ಸಭಾಂಗಣ, ಕ್ರೀಡಾ ಸಾಮಗ್ರಿಗೆಂದು ಮೆಟ್ಟಿಲಿನ ಅಡಿಯಲ್ಲಿ ಒಂದು ಗೂಡು. ಮೂರನೆಯ ಸಲ ಕಂಬ ಸರಿಸಿದರು. ಏಳು ಜನರ ಆಟಕ್ಕೂ ಜಾಗ ಸಾಲದೆ, ಗೋಲಿ ಒದ್ದ ಚೆಂಡು ನೇರ ಎದುರಿನ ಗೋಲಿಯ ಕೈಗೆ ಹೋಗುವ ಹಾಗಾಯಿತು. ಮೂರು ಸಲವೂ ನಾನು ಅಲ್ಲೇ ಇದ್ದೆ. ಹೊಸ ಜಾಗಕ್ಕೆ ಸುಣ್ಣದ ಗೆರೆ ಎಳೆದವನು ನಾನೇ.

ಫೆಬ್ರವರಿಯ ಟೂರ್ನಮೆಂಟಿನ ಫ್ಲೆಕ್ಸು ಜೋಸ್ನಾಳ ಕೈಗೆ ಬಂತು. ಮೂವತ್ತೆಂಟು ಮುಖ ಹಾಕಬೇಕು. ಹಾಕಿದಳು. ಚೆಂಡಿಗೆ ಉಳಿದದ್ದು ಮೂಲೆಯಲ್ಲಿ ಗೋಟಡಿಕೆಯಷ್ಟು ಜಾಗ. ಆ ಕೆಲಸ ಮುಗಿಸಿ ಹೊರಗೆ ಹೋಗಿ ಹಲಗೆಯಲ್ಲಿ ತನ್ನ ಚಿತ್ರ ಬರೆದಳು. ಜಯಪ್ರಕಾಶ್ ಗೋಲು ಕಂಬವನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದಾನೆ. ಹಿಂದಿನಿಂದ ಉದ್ದ ಕಾಲಿನ ಗೋಲಿಯೊಬ್ಬ ಓಡಿ ಬರುತ್ತಿದ್ದಾನೆ. "ಅಣ್ಣ, ನಾನು ಎಲ್ಲಿ ನಿಲ್ಲುದು?"

ಜಯಪ್ರಕಾಶನ ಉತ್ತರ: "ಎಲೆಕ್ಷನ್ ಮುಗಿಯುವವರೆಗೆ ನನ್ನ ಹಿಂದೆ ನಿಲ್ಲು."

ಮಧ್ಯಾಹ್ನದ ಹೊತ್ತಿಗೆ ಬೈಕಿನಲ್ಲಿ ಸಂಘದ ಇಬ್ಬರು ಬಂದರು. ಒಬ್ಬ ಒದ್ದೆ ಬಟ್ಟೆಯಲ್ಲಿ ಹಲಗೆ ಒರೆಸಿದ. ಇನ್ನೊಬ್ಬ ಒಳಗೆ ಬಂದು ಹೇಳಿದ, "ಕೇರಳದಿಂದ ಬಂದವರು ನಮ್ಮ ಮೈದಾನದ ಸುದ್ದಿಗೆ ಬರುದು ಬೇಡ."

ಜೋಸ್ನಾ ಕುರ್ಚಿಯಿಂದ ಏಳಲಿಲ್ಲವಂತೆ. "ನನ್ನ ಅಜ್ಜ ಇಲ್ಲಿಗೆ ಬಂದದ್ದು ಐವತ್ತೆಂಟನೇ ಇಸವಿಯಲ್ಲಿ. ನಿಮ್ಮ ಅಧ್ಯಕ್ಷರು ಈಗಿನ ಪಾರ್ಟಿಗೆ ಬಂದದ್ದು ಹೋದ ದೀಪಾವಳಿಗೆ. ಹೊರಗಿನಿಂದ ಬಂದವರು ಯಾರು ಮಾರಾಯ್ರೆ?"

ಮರುದಿನ ಹಲಗೆಯಲ್ಲಿ ಮತ್ತೊಂದು ಚಿತ್ರವಿತ್ತು: ಗೋಲಿಯ ಗ್ಲೌಸು ಹಾಕಿದ ಎರಡು ಕೈಗಳು ಒದ್ದೆ ಬಟ್ಟೆ ಹಿಂಡುತ್ತಿವೆ. ಕೆಳಗೆ, ಗೋಲು ತಡೆದ ಗೋಲಿಯನ್ನು ಹೊಗಳುವ ಹಾಗೆ, "ಎಂಥಾ ಸೇವ್!"

ಅಲಿ ಕುಂಞಿ ಅವಳನ್ನು ಕರೆದು ಕೂರಿಸಿದರು. ಮೆತ್ತಗಿನ ಮನುಷ್ಯ. "ಜೋಸ್ನಾ, ಮೇ ತಿಂಗಳಲ್ಲಿ ಎಲೆಕ್ಷನ್. ಈ ಅಂಗಡಿ ನಡೆಯುದೇ ಅವರ ಮುಖಗಳಿಂದ. ನಿನ್ನದು ತಪ್ಪು ಅಂತ ನಾನು ಹೇಳುದಿಲ್ಲ. ಸ್ವಲ್ಪ ದಿನ ಬೇರೆ ಎಂತಾದ್ರೂ ಬರಿ. ಹೂವು, ಹಕ್ಕಿ..."

"ಹಕ್ಕಿ ಬರೆದ್ರೂ ಅದು ಯಾರ ಹಾಗೆ ಉಂಟು ಅಂತ ಜನ ನೋಡ್ತಾರೆ ಕಾಕ" ಎಂದಳು. ತನ್ನ ಪೆನ್‌ಡ್ರೈವು, ಕನ್ನಡಕ ಚೀಲಕ್ಕೆ ಹಾಕಿಕೊಂಡಳು. "ನಿಮ್ಮ ಮೇಲೆ ಸಿಟ್ಟಿಲ್ಲ. ನಿಮಗೆ ತೊಂದರೆ ಆಗುದು ಬೇಡ. ಹಲಗೆ ನನ್ನದು, ಅದನ್ನು ಕೊಂಡುಹೋಗ್ತೇನೆ."

ನಾಲ್ಕಡಿಯ ಹಲಗೆಯನ್ನು ತಲೆಯ ಮೇಲಿಟ್ಟುಕೊಂಡು ಕಡಬ ಪೇಟೆಯ ನಡುವಿನಲ್ಲೇ ಬಸ್‌ಸ್ಟ್ಯಾಂಡಿಗೆ ನಡೆದಳು. ಪಕ್ಕದ ಓಣಿಯಿಂದ ಹೋಗಬಹುದಿತ್ತು. ಹೋಗಲಿಲ್ಲ. ನಾನು ಹೋಟೆಲಿನ ಒಳಗೆ ಕುಳಿತು ನೋಡಿದೆ. ಎದ್ದು ಹೋಗಿ ಒಂದು ಬದಿ ಹಿಡಿಯೋಣ ಅನ್ನಿಸಿತು. ಚಾಯ ಆರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಮನೆಯಲ್ಲಿ ಅತ್ತೆ ಏಲಿಯಮ್ಮ ಹಲಗೆಯನ್ನು ನೋಡಿ, ವಿಷಯ ಕೇಳಿ, ಮಲಯಾಳದಲ್ಲಿ ಹೇಳಿದ್ದು ಇಷ್ಟೇ: "ಬರೆದದ್ದು ಸುಳ್ಳಾದರೆ ಒರೆಸು. ನಿಜವಾದರೆ ಕೈ ತೊಳೆದು ಊಟಕ್ಕೆ ಬಾ." ಶಿಜುವಿಗೆ ಆಗಲೇ ಟೀಮಿನವರು ಈ ವರ್ಷ 'ರೆಸ್ಟ್' ತೆಗೆದುಕೊಳ್ಳಲು ಹೇಳಿದ್ದರು. ಅವನು ಮೊಬೈಲಿನಲ್ಲಿ ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತಾ, "ನನ್ನ ಕಾಲು ಇಷ್ಟು ಉದ್ದ ಉಂಟಾ?" ಎಂದು ಕೇಳಿದನಂತೆ.

ಆ ವಾರವೇ ಸಂಘದಿಂದ ಮಾತು ಬಂತು. ಭಾನುವಾರ ಮೂರು ಗಂಟೆಗೆ ಸಭೆ. ಜೋಸ್ನಾ ಬಂದು ಕ್ಷಮಾಪಣೆ ಬರೆದುಕೊಡಬೇಕು, ಇಲ್ಲದಿದ್ದರೆ ಸ್ಟೇಷನ್ನಿಗೆ ದೂರು.

ಶನಿವಾರ ಬೆಳಿಗ್ಗೆ ಶಿಜು ಟ್ಯಾಪಿಂಗ್ ಮುಗಿಸಿದ ಮೇಲೆ ಗಂಡಹೆಂಡತಿ ಟೇಪು ಹಿಡಿದು ಮೈದಾನಕ್ಕೆ ಹೋದರು. ಹಳೆಯ ಕಂಬಗಳನ್ನು ಬುಡದಲ್ಲಿ ಕೊಯ್ದು ತೆಗೆದಿದ್ದರು. ಕಬ್ಬಿಣದ ಪೈಪಿನ ಮೋಟು ಹುಲ್ಲಿನ ಅಡಿ ಇನ್ನೂ ಇತ್ತು. ಅದಕ್ಕೆ ತಾಗಿ ಶಿಜು ಒಮ್ಮೆ ಹೆಬ್ಬೆರಳು ಒಡೆದುಕೊಂಡಿದ್ದ, ಹಾಗಾಗಿ ಜಾಗ ಗೊತ್ತಿತ್ತು. ಎರಡು ಸಲದ ಗುರುತು ಸಿಕ್ಕಿತು. ಎಲ್ಲಕ್ಕಿಂತ ಮೊದಲ ಕಂಬದ್ದು ಸಿಗಲಿಲ್ಲ, ಅದು ವೇದಿಕೆಯ ಆಸುಪಾಸಿನಲ್ಲಿ ಎಲ್ಲೋ ಮುಚ್ಚಿಹೋಗಿತ್ತು. ಅಲ್ಲಿಂದ ಸೀದಾ ನನ್ನ ಮನೆಗೆ ಬಂದರು.

"ಮಾಷ್ಟ್ರೇ, ಸುರುವಿನ ಕಂಬ ಎಲ್ಲಿ ಇತ್ತು? ನೀವೇ ನೆಡಿಸಿದ್ದಲ್ವಾ?"

ನನಗೆ ಗೊತ್ತಿತ್ತು. ತೊಂಬತ್ತಾರರಲ್ಲಿ ಮಕ್ಕಳನ್ನು ಕಟ್ಟಿಕೊಂಡು ಗುಂಡಿ ತೋಡಿದ್ದೆ. ಎರಡು ಕಂಬಗಳ ನಡುವೆ ಗೆರೆ ತಪ್ಪದಿರಲಿ ಎಂದು ಒಂದು ಕೆಂಪುಕಲ್ಲು ಹೂತಿದ್ದೆ. ಆದರೆ ಹೇಳಿದ್ದು, "ನೆನಪಿಲ್ಲ ಮಗಾ. ವಯಸ್ಸಾಯ್ತು."

ಅವಳು ನನ್ನ ಮುಖ ನೋಡಿದಳು. ಮುಖಗಳನ್ನು ಓದುವುದೇ ಅವಳ ಕೆಲಸ. "ಆಯ್ತು ಮಾಷ್ಟ್ರೇ" ಎಂದು ಎದ್ದು ಹೋದಳು.

ಭಾನುವಾರ ಸಂಘದ ಕೋಣೆಯಲ್ಲಿ ಇಪ್ಪತ್ತೈದು ಜನ ಇದ್ದೆವು. ಜೋಸ್ನಾ ಬೆಳಿಗ್ಗೆ ಇಗರ್ಜಿಯ ಪೂಜೆಗೆ ಉಟ್ಟ ಸೀರೆಯಲ್ಲೇ ಬಂದಿದ್ದಳು, ಕೈಯಲ್ಲಿ ಮಡಚಿದ ಡ್ರಾಯಿಂಗ್ ಹಾಳೆ. ಕ್ಷಮಾಪಣೆಯೆಂದು ಎಲ್ಲರೂ ತಿಳಿದರು. ಜಯಪ್ರಕಾಶನ ಮುಖ ಸ್ವಲ್ಪ ಸಡಿಲವಾಯಿತು. "ಕುಳಿತುಕೋ ಜೋಸ್ನಾ, ನಮಗೆ ದ್ವೇಷ ಇಲ್ಲ" ಎಂದ.

ಅವಳು ಕುಳಿತುಕೊಳ್ಳಲಿಲ್ಲ. ಹಾಳೆಯನ್ನು ಮೇಜಿನ ಮೇಲೆ ಬಿಡಿಸಿದಳು. ಅದರಲ್ಲಿ ಯಾರ ಮೂಗೂ ಇರಲಿಲ್ಲ, ಹೊಟ್ಟೆಯೂ ಇರಲಿಲ್ಲ. ಬರೀ ಮೈದಾನದ ನಕ್ಷೆ. ಈಗಿನ ಕಂಬ, ಅದಕ್ಕೆ ಹಿಂದಿನದು, ಅದಕ್ಕೂ ಹಿಂದಿನದು, ಪ್ರತಿಯೊಂದರ ಪಕ್ಕದಲ್ಲಿ ವರ್ಷ ಮತ್ತು ಅಳತೆ. ಎಲ್ಲಕ್ಕಿಂತ ಆಚೆ, ವೇದಿಕೆಯ ಹತ್ತಿರ, ಒಂದು ಪ್ರಶ್ನೆ ಚಿಹ್ನೆ.

"ಜನ ನಕ್ಕದ್ದು ತಪ್ಪು ಅಂತ ಹೇಳಿದ್ರಿ. ಇದರಲ್ಲಿ ನಗು ಇಲ್ಲ, ಎಲ್ಲ ತೆಗೆದಿದ್ದೇನೆ" ಎಂದಳು. "ಇದರಲ್ಲಿ ಸುಳ್ಳು ಎಲ್ಲುಂಟು ತೋರಿಸಿ. ತೋರಿಸಿದರೆ ಕ್ಷಮೆ ಕೇಳ್ತೇನೆ. ಇಲ್ಲದಿದ್ದರೆ ನಾಳೆಯಿಂದ ಪುನಃ ನಗು ಬರುವುದನ್ನೇ ಬರೀತೇನೆ."

ಜಯಪ್ರಕಾಶ್ ಹಾಳೆಯನ್ನು ತನ್ನತ್ತ ಎಳೆದುಕೊಂಡ. ಬುದ್ಧಿವಂತ, ಅವನ ಬೆರಳು ಸೀದಾ ಪ್ರಶ್ನೆ ಚಿಹ್ನೆಗೇ ಹೋಯಿತು. "ಇದಕ್ಕೆ ಆಧಾರ ಎಂತ? ಇದು ಊಹೆ ಅಲ್ವಾ? ಮೊದಲ ಕಂಬ ಎಲ್ಲಿತ್ತು ಅಂತ ಗೊತ್ತಿಲ್ಲದೆ ಜಾಗ ಹೋಯ್ತು ಅಂತ ಹೇಳುದು ಹೇಗೆ?"

ಜೋಸ್ನಾ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಬಹುಶಃ ನಾನು ತಲೆ ತಗ್ಗಿಸಿಬಿಡುತ್ತಿದ್ದೆ.

"ವೇದಿಕೆಯ ಬಲಗಡೆ ಮೆಟ್ಟಿಲಿನ ಬುಡ" ಎಂದೆ. "ಒಂದೂವರೆ ಅಡಿ ತೋಡಿದರೆ ಕೆಂಪುಕಲ್ಲು ಸಿಗ್ತದೆ. ನಾನೇ ಹೂತದ್ದು. ನೀನೂ ಮಣ್ಣು ಹೊತ್ತಿದ್ದೆ ಜಯಪ್ರಕಾಶ. ತಾಲೂಕು ಮಟ್ಟದ ಮ್ಯಾಚಿನಲ್ಲಿ ಪೆನಾಲ್ಟಿ ನೀನು ಹೊಡೆದದ್ದು ಆ ಕಂಬಕ್ಕೇ ಅಲ್ವಾ?"

ಅವನು ನಕ್ಷೆಯಿಂದ ತಲೆ ಎತ್ತಿದ. "ಸರ್, ನೀವೂ..." ಎಂದ. ಶಿಜು ಹಾರೆ ತರಲು ಎದ್ದಾಗ ಯಾರೂ ಅವನನ್ನು ತಡೆಯಲಿಲ್ಲ. ಕಲ್ಲು ಸಿಕ್ಕಿತು. ಅಳೆದರು. ಅಲ್ಲಿಂದ ಈಗಿನ ಕಂಬಕ್ಕೆ ಅರುವತ್ತೊಂದು ಅಡಿ.

ಕ್ಷಮಾಪಣೆ ಬರೆಯಲಿಲ್ಲ, ದೂರೂ ಹೋಗಲಿಲ್ಲ. ಆದರೆ ಎಲ್ಲವೂ ಸರಿಹೋಯಿತು ಎಂದು ತಿಳಿಯಬೇಡಿ. ಟೂರ್ನಮೆಂಟು ಚಿಕ್ಕ ಮೈದಾನದಲ್ಲೇ ನಡೆಯಿತು. ಶಿಜುವನ್ನು ಆಡಿಸಲಿಲ್ಲ. ನನ್ನನ್ನು ರೆಫ್ರಿ ಮಾಡಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ನಾನು ಏಲಿಯಮ್ಮನ ಪಕ್ಕದಲ್ಲಿ ಕುಳಿತು, ಅವರು ಕೊಟ್ಟ ನೆಲಗಡಲೆ ತಿನ್ನುತ್ತಾ ಆಟ ನೋಡಿದೆ. ಉದ್ಘಾಟನೆಯ ಭಾಷಣದಲ್ಲಿ ಜಯಪ್ರಕಾಶ್ "ಟೀಕೆ ನಮಗೆ ಬೇಕು" ಎಂದಾಗ ಜೋಸ್ನಾ ನನ್ನ ಪಕ್ಕದಲ್ಲೇ ಅವನ ಗಲ್ಲ ಬರೆಯುತ್ತಿದ್ದಳು.

ಆಮೇಲೆ ಆ ನಕ್ಷೆಯ ಕೆಳಗೆ ಆಟಗಾರರು ಒಬ್ಬೊಬ್ಬರಾಗಿ ಸಹಿ ಹಾಕಿದರು, ಎಂಬತ್ತಮೂರು ಜನ. ಅದೇ ಮೈದಾನ ಅಳೆಯಿಸುವ ಅರ್ಜಿಯಾಗಿ ಸರ್ವೆ ಕಚೇರಿಗೆ ಹೋಯಿತು. ಮನೆಯಲ್ಲಿ ಕುಳಿತು ಅವಳು ಶಾಲೆಗಳ ಗೋಡೆಗೆ ಅಕ್ಷರ ಬರೆದಳು, ವಾರಪತ್ರಿಕೆಗೆ ಚಿತ್ರ ಕಳಿಸಿದಳು. ಎಲೆಕ್ಷನ್ ಕಳೆದು ಅಲಿ ಕುಂಞಿ ಪುನಃ ಕರೆದಾಗ, ಬೆಳಗಿನ ಹೊತ್ತು ಮಾತ್ರ ಬರುತ್ತೇನೆ ಎಂದಳು. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಜಯಪ್ರಕಾಶ್ ಎದುರಾಗಿ, "ಈ ವಾರ ನನ್ನನ್ನು ಬಿಟ್ಟಿದ್ದೀಯಲ್ಲ?" ಎಂದು ತಮಾಷೆ ಮಾಡಿದ. "ವಾರ ಇನ್ನೂ ಮುಗೀಲಿಲ್ಲ ಅಣ್ಣ" ಎಂದಳು.

ಹೋದ ವರ್ಷ ಸರ್ವೆಯವರು ಬಂದು ಮೈದಾನದ ಗಡಿಗೆ ಎರಡು ಕಲ್ಲು ನೆಟ್ಟರು. ಭವನದ ಕೆಲಸ ಪಿಲ್ಲರಿನಲ್ಲೇ ನಿಂತಿದೆ. ವಾರದೊಳಗೆ ಒಂದು ಕಲ್ಲು ಕಾಣೆಯಾಯಿತು. ಅದಕ್ಕೆ ಅವಳು, ಒಂದು ಕಲ್ಲು ಬ್ಯಾಗು ಹಿಡಿದು ಬಸ್ಸು ಹತ್ತುವ ಚಿತ್ರ ಬರೆದು ಪಂಚಾಯತ್ ಎದುರಿನ ತಡೆಗೋಡೆಗೆ ಅಂಟಿಸಿದಳು. ಇನ್ನೊಂದು ಕಲ್ಲು ಅಲ್ಲೇ ಉಂಟು. ಅದಕ್ಕೆ ಈಗ ಅಲ್ಲಿ ಫುಟ್ಬಾಲ್ ಆಡುವ ಹುಡುಗಿಯರ ಟೀಮಿನವರು ಬಿಳಿ ಬಣ್ಣ ಬಳಿದಿದ್ದಾರೆ, ದೂರದಿಂದಲೂ ಕಾಣುತ್ತದೆ. ನಾನು ಮೊನ್ನೆ ಹೋಗಿ ಅಲುಗಾಡಿಸಿ ನೋಡಿದೆ. ಗಟ್ಟಿ ಇದೆ.