ನಲವತ್ತೆಂಟು ತಾಸಿನ ಸಿನಿಮಾ

ಭಾವನ ಮೊದಲ ಏಟಿಗೇ ನನ್ನ ಎರಡು ಹಲ್ಲು ಉದುರಿದವು. ಕಾರಣ, ಒಂದು ಬಾಡಿಗೆ ಸಿನಿಮಾ.

ಭಾವ ಎಂದರೆ ಅಕ್ಕನ ಗಂಡ, ಸುರಪುರದವನು. ಲಾರಿ ಓಡಿಸುತ್ತಿದ್ದ. ಗರಡಿಯಲ್ಲಿ ಬೆಳೆದ ಮೈ. ಊರ ಹತ್ತಿರದ ಗುಡ್ಡದಲ್ಲಿ ಸಿನಿಮಾದವರು ಹೊಡೆದಾಟದ ಶೂಟಿಂಗ್ ಮಾಡಿದಾಗ ಅವನನ್ನೂ ಖಳನ ಗುಂಪಿಗೆ ಸೇರಿಸಿಕೊಂಡಿದ್ದರು. ಕೊಡಲಿ ಹಿಡಿದು ಓಡಿಬಂದು ನಾಯಕನ ಕೈಯಲ್ಲಿ ಸಾಯುವ ಪಾತ್ರ. ಸಿನಿಮಾ ಯಾದಗಿರಿಗೆ ಬಂದಾಗ ಇವನು ಲಾರಿಯ ಮೇಲೆ ದೂರ ಹೋಗಿದ್ದ. ತಿರುಗಿ ಬರುವುದರೊಳಗೆ ಟಾಕೀಸಿನಿಂದ ಎತ್ತಿಬಿಟ್ಟಿದ್ದರು.

ಕೆಲವೇ ವಾರಗಳಲ್ಲಿ ಅದು ಮನೆಯಲ್ಲಿ ನೋಡಲು ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಬಂತು. ನಾನಾಗ ಭೀಮರಾಯನಗುಡಿಯ ಕ್ವಾರ್ಟರ್ಸಿನಲ್ಲಿದ್ದೆ. ದೊಡ್ಡ ಟಿವಿ ಇದ್ದದ್ದು ನನ್ನ ಹತ್ತಿರವೇ. ಬಾಡಿಗೆ ನೋಡಿ ದಂಗಾದೆ: ಟಾಕೀಸಿನಲ್ಲಿ ನಾಲ್ಕು ಜನ ನೋಡಬಹುದಾದಷ್ಟು. ಮನೆಮಂದಿಯೆಲ್ಲ ಕೂತು ನೋಡುತ್ತಾರೆಂದು ಸಿನಿಮಾ ಕಂಪನಿಯವರು ಮನೆಯ ಲೆಕ್ಕದಲ್ಲೇ ದರ ಇಡುತ್ತಾರೆ. ಕಾಯಲಾರದವರಿಂದ ಮೊದಲು ಹೆಚ್ಚು ವಸೂಲಿ, ಆಮೇಲೆ ಅರ್ಧ. ಇನ್ನೊಂದಿಷ್ಟು ಕೊಟ್ಟರೆ ಕೊಂಡೇ ಇಟ್ಟುಕೊಳ್ಳಬಹುದಿತ್ತು.

"ಎರಡು ವಾರ ತಡೀರಿ ಭಾವ, ರೇಟ್ ಇಳೀತದ," ಅಂದೆ.

"ಏ, ನಾ ಸತ್ತಿದ್ದು ನಾ ನೋಡಬೇಕಲೇ!" ಅಂದ.

ಬಾಡಿಗೆಗೇ ತಗೊಂಡೆ. ಶುಕ್ರವಾರ ಮಧ್ಯಾಹ್ನ, ಸೌಂಡ್ ಸರಿ ಬರುತ್ತದೋ ಇಲ್ಲವೋ ಅಂತ ಒಂದು ನಿಮಿಷ ಹಾಕಿ ನಿಲ್ಲಿಸಿದೆ. ಶುರು ಮಾಡಲು ಮೂವತ್ತು ದಿನ ಇದೆ ಅಂತ ಓದಿದ್ದೆ. ಒಮ್ಮೆ ಶುರುವಾದರೆ ನಲವತ್ತೆಂಟೇ ತಾಸು ಎಂಬ ಮುಂದಿನ ಸಾಲು ಓದಿರಲಿಲ್ಲ.

ಭಾನುವಾರ ಭಾವ, ಅಕ್ಕ ಬಂದರು. ರಾಮಸಮುದ್ರದಿಂದ ಭಾವನ ಇಬ್ಬರು ಸೋದರಮಾವಂದಿರೂ ಬಂದರು. ಊಟ ಮುಗಿಸಿ ಸಿನಿಮಾ ಹಾಕಿದೆವು. ಅಕ್ಕ ಒಳಗೆ ಚಹಾಕ್ಕೆ ಇಟ್ಟಿದ್ದಳು. ಗುಡ್ಡ ಕಾಣಿಸಿತು. ಭಾವ ಎದ್ದು ನಿಂತ.

"ಈಗ ಬರ್ತೀನಿ ನೋಡ್ರಿ!"

ಟಿವಿ ಕಪ್ಪಾಯಿತು. ಬಾಡಿಗೆ ಅವಧಿ ಮುಗಿದಿದೆ ಎಂದು ಅಕ್ಷರ ಮೂಡಿತು. ಮಾವಂದಿರಲ್ಲಿ ಒಬ್ಬ ಕಿಸಕ್ಕನೆ ನಕ್ಕ.

"ಮಂದ್ಯಾಗ ನನ್ನ ಮರ್ಯಾದಿ ಕಳ್ಯಾಕ ಕರಸೀದೇನಲೇ?" ಎನ್ನುತ್ತಲೇ ಭಾವ ನನ್ನ ಬಾಯಿಗೆ ಗುದ್ದಿದ. ಬಿದ್ದವನ ಪಕ್ಕೆಗೆ ಒದ್ದ. ಎಲುಬು ಮುರಿದ ಸದ್ದು ನನಗೇ ಕೇಳಿಸಿತು. ಸ್ಟೂಲ್ ಎತ್ತಿ ಟಿವಿಗೆ ಬೀಸಿದ. ಬಿಡಿಸಲು ಓಡಿಬಂದ ಅಕ್ಕನ ಜಡೆ ಹಿಡಿದು ಗೋಡೆಗೆ ಅಪ್ಪಳಿಸಿದ. ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು. ಮಾವಂದಿರು ಕೂತಲ್ಲೇ ಕೂತಿದ್ದರು. ಅಕ್ಕ ಒಳಗೆ ಹೋದಳು, ಕುದಿಯುತ್ತಿದ್ದ ಚಹಾದ ಪಾತ್ರೆ ತಂದು ಅವನ ಎದೆಗೆ ಸುರಿದಳು. ಅವನು ಚೀರಿಕೊಂಡ ಮೇಲಷ್ಟೇ ಮಾವಂದಿರು ಎದ್ದು ಅವನನ್ನು ಹೊರಗೆ ಎಳೆದರು.

ಶಹಾಪುರದ ಆಸ್ಪತ್ರೆಯಲ್ಲಿ ಅಕ್ಕನ ಹಣೆಗೆ ಹೊಲಿಗೆ ಹಾಕುತ್ತಿದ್ದರು. "ತಪ್ಪು ನಂದೇ ಅಕ್ಕ. ಪೂರ್ತಿ ಓದಬೇಕಿತ್ತು," ಅಂದೆ. ಮಾತಿನ ಜೊತೆ ರಕ್ತವೂ ಬಂತು.

"ಹೊಡದಾಂವ ಅವ, ತಪ್ಪು ನಿಂದ್ಹೆಂಗ ಆತು?" ಅಂದಳು. "ಹನ್ನೊಂದು ವರ್ಷ ಆತು. ಒಮ್ಮೆ ಸಾರಿನ್ಯಾಗ ಉಪ್ಪು ಹೆಚ್ಚಾತಂತ, ಒಮ್ಮೆ ಬಾಗಲಾ ತಗ್ಯಾಕ ತಡ ಆತಂತ. ಇವತ್ತು ಸಿನಿಮಾ."

ನಮಗೆ ಯಾರಿಗೂ ಗೊತ್ತಿರಲಿಲ್ಲ. ಬಳೆ ಚುಚ್ಚಿತು, ಮೆಟ್ಟಿಲಲ್ಲಿ ಜಾರಿದೆ ಅನ್ನುತ್ತಿದ್ದಳು, ನಾವು ನಂಬುತ್ತಿದ್ದೆವು.

ಹೊಲಿಗೆ ಮುಗಿದದ್ದೇ ಅಕ್ಕ ದೂರು ಕೊಡಲು ಠಾಣೆಗೆ ನಡೆದಳು. ಪಕ್ಕೆ ಹಿಡಿದುಕೊಂಡು ನಾನೂ ಹಿಂದೆ ಹೋದೆ. ಆಮೇಲೆ ಸುರಪುರದ ಹಿರಿಯರು ರಾಜಿಗೆಂದು ನನ್ನ ಕ್ವಾರ್ಟರ್ಸಿಗೆ ಎರಡು ಸಲ ಬಂದರು. ಅಕ್ಕ ಬಾಗಿಲಲ್ಲೇ ನಿಂತು, "ಚಹಾ ಕುಡದು ಹೋಗ್ರಿ, ನಾ ಮಾತ್ರ ಬರಂಗಿಲ್ಲ," ಅಂದು ಕಳಿಸಿದಳು.